ನಾಡು ಒಂದಾಗುವ ಮೊದಲೇ ನುಡಿಗೆ ದುಡಿದವರು: ಫರ್ಡಿನಾಂಡ್ ಕಿಟ್ಟೆಲ್

ಕಿಟ್ಟೆಲ್ ಎಂಬ ಹೆಸರು ಕನ್ನಡ ಶಾಲೆಗಳಿಗೆ ಹೊಸದಲ್ಲ. ಪಠ್ಯಪುಸ್ತಕದಲ್ಲಿ ಒಂದೆರಡು ಸಾಲು, ರಸಪ್ರಶ್ನೆಯಲ್ಲಿ ಒಂದು ಅಂಕ, ಗುರುಗಳ ಕೊಠಡಿಯ ಕಪಾಟಿನಲ್ಲಿ ಒಂದು ದಪ್ಪ ಹೊತ್ತಗೆ: ಇಷ್ಟರಲ್ಲಿಯೇ ಅವರ ಪರಿಚಯ ಮುಗಿದುಹೋಗುತ್ತದೆ. ಅವರ ಬಾಳಿನ ಕಥೆಯನ್ನು ಗಡಿನಾಡಿನ ತಂದೆತಾಯಿಯರು ಸ್ವಲ್ಪ ನಿಧಾನವಾಗಿ ಓದಬೇಕೆಂದು ನಮಗೆ ತೋರುತ್ತದೆ. ಜೂನ್ ತಿಂಗಳು ಬಂದೊಡನೆ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆಯೊಂದುಂಟು. ಮಗುವನ್ನು ಕನ್ನಡದಲ್ಲಿ ಓದಿಸಿದರೆ ಮುಂದೇನು? ಈ ಭಾಷೆಗೆ ಇಲ್ಲಿ ನಾಳೆ ಎಂಬುದು ಇದೆಯೆ? ಕಿಟ್ಟೆಲ್ ಕನ್ನಡಕ್ಕಾಗಿ ದುಡಿದ ಕಾಲದಲ್ಲಿ ಈ ಸಂದೇಹ ಗಡಿಯ ಕೆಲವು ತಾಲೂಕುಗಳಿಗೆ ಮಾತ್ರ ಸೇರಿದ್ದಾಗಿರಲಿಲ್ಲ. ಆಗ ಕನ್ನಡ ನಾಡೆಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ಗಡಿನಾಡೇ ಆಗಿತ್ತು.

ಅವರು ಹುಟ್ಟಿದ್ದು 1832ರಲ್ಲಿ, ಜರ್ಮನಿಯ ವಾಯವ್ಯ ಅಂಚಿನಲ್ಲಿ ಉತ್ತರ ಸಮುದ್ರದ ಬದಿಗಿರುವ ಪೂರ್ವ ಫ್ರೀಸಿಯಾ ಎಂಬ ಸೀಮೆಯ ರೆಸ್ಟರ್‌ಹಾಫೆ ಗ್ರಾಮದಲ್ಲಿ. ತಂದೆ ಕ್ರೈಸ್ತ ಪಾದ್ರಿ. ನೆದರ್ಲೆಂಡ್ಸಿಗೆ ಹೊಂದಿಕೊಂಡ ಆ ಸೀಮೆಯೂ ಒಂದು ಗಡಿನಾಡೇ. ಅಲ್ಲಿನ ಹಳ್ಳಿಗರ ಮಾತು ಒಂದು ಬಗೆಯದು, ಶಾಲೆಯ ಮತ್ತು ಗ್ರಂಥದ ಜರ್ಮನ್ ಇನ್ನೊಂದು ಬಗೆಯದು. ಆಗ ಆ ಸೀಮೆ ಹ್ಯಾನೋವರ್ ರಾಜ್ಯಕ್ಕೆ ಸೇರಿತ್ತು. 1866ರ ಯುದ್ಧದಲ್ಲಿ ಪ್ರಷ್ಯಾ ಆ ರಾಜ್ಯವನ್ನು ನುಂಗಿತು. 1871ರಲ್ಲಿ ಜರ್ಮನ್ ಸಾಮ್ರಾಜ್ಯ ರೂಪುಗೊಂಡಿತು. ಹೀಗೆ ಕಿಟ್ಟೆಲ್ ನಮ್ಮ ನಾಡಿನಲ್ಲಿ ಶಬ್ದಗಳ ಬೆನ್ನು ಹತ್ತಿದ್ದಾಗ ಅವರು ಹುಟ್ಟಿದ ರಾಜ್ಯವೇ ಭೂಪಟದಿಂದ ಅಳಿದುಹೋಯಿತು. ಆಳುವವರ ಗೆರೆಗಳು ಎಷ್ಟು ದಿನದವು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎಳವೆಯಲ್ಲಿಯೇ ಹೀಬ್ರೂ, ಗ್ರೀಕ್, ಲ್ಯಾಟಿನ್ ಕಲಿತ ಈ ತರುಣ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿ, 1853ರಲ್ಲಿ ಧರ್ಮಪ್ರಚಾರಕರಾಗಿ ಮಂಗಳೂರಿಗೆ ಬಂದರು. ಅಂದಿನ ಕನ್ನಡ ನಾಡಿನ ಸ್ಥಿತಿಯನ್ನು ಒಮ್ಮೆ ನೆನೆಯೋಣ. ಮಂಗಳೂರು, ಕಾಸರಗೋಡು ಮದರಾಸು ಸರಕಾರದ ಕೈಯಲ್ಲಿದ್ದುವು. ಬಳ್ಳಾರಿ, ಆದವಾನಿ, ರಾಯದುರ್ಗಗಳೂ ಮದರಾಸಿಗೇ ಸೇರಿದ್ದುವು. ಧಾರವಾಡ, ಬೆಳಗಾವಿ, ಸೊಲ್ಲಾಪುರಗಳು ಮುಂಬಯಿಯ ಆಡಳಿತದಲ್ಲಿ. ಅಕ್ಕಲಕೋಟೆ, ಜತ್ತಗಳಿಗೆ ಅವುಗಳದೇ ಸಂಸ್ಥಾನಿಕರು. ಮೈಸೂರು ಅರಸರ ಹೆಸರಿನಲ್ಲಿದ್ದರೂ ಬ್ರಿಟಿಷ್ ಕಮಿಷನರರ ಆಳ್ವಿಕೆಯಲ್ಲಿತ್ತು. ಕಲಬುರ್ಗಿ, ರಾಯಚೂರುಗಳ ಕಡೆ ನಿಜಾಮರ ಹೆಸರು. ಕೊಡಗಿನ ರಾಜ್ಯ ಮುಗಿದು ಎರಡು ದಶಕಗಳೂ ತುಂಬಿರಲಿಲ್ಲ. ಕಚೇರಿಯಲ್ಲಿ ಒಂದೆಡೆ ಮರಾಠಿ, ಒಂದೆಡೆ ಉರ್ದು ಅಥವಾ ಪಾರ್ಸಿ, ಎಲ್ಲೆಡೆಯೂ ತಲೆಯ ಮೇಲೆ ಇಂಗ್ಲಿಷ್. ಕರ್ನಾಟಕವೆಂಬ ಒಂದು ರಾಜ್ಯವಾಗಲಿ, ಕನ್ನಡಕ್ಕೆ ಹೊಣೆಯಾದ ಒಂದು ಸರಕಾರವಾಗಲಿ ಇರಲಿಲ್ಲ. ಅಂತಹ ದಿನಗಳಲ್ಲಿ ಈ ಭಾಷೆಯ ಮುಂದಿನ ನೂರು ವರ್ಷಗಳನ್ನು ನಂಬಿ ಬಂಡವಾಳ ಹೂಡಲು ಲೆಕ್ಕಾಚಾರದ ಮನುಷ್ಯ ಯಾರೂ ಮುಂದೆ ಬರುತ್ತಿರಲಿಲ್ಲ.

ಕಿಟ್ಟೆಲ್ ಅವರು ಬಂದ ಉದ್ದೇಶವನ್ನು ಮರೆಮಾಚುವ ಅಗತ್ಯ ನಮಗಿಲ್ಲ. ಅವರು ಬಂದದ್ದು ಕನ್ನಡಿಗರಿಗೆ ಕ್ರಿಸ್ತನ ಮತವನ್ನು ಬೋಧಿಸಲಿಕ್ಕೆ, ನಿಘಂಟು ಬರೆಯಲಿಕ್ಕಲ್ಲ. ಆದರೆ ಒಂದು ಜನದ ಹೃದಯವನ್ನು ಮುಟ್ಟಬೇಕಾದರೆ ಆ ಜನದ ಮಾತನ್ನೂ ಕಾವ್ಯವನ್ನೂ ಛಂದಸ್ಸನ್ನೂ ಬಲ್ಲವನಾಗಬೇಕೆಂದು ಅವರು ನಂಬಿದ್ದರು. ಊರೂರು ನಡೆದರು, ಪಂಡಿತರ ಬಳಿ ಕುಳಿತು ಹಳಗನ್ನಡವನ್ನೂ ಸಂಸ್ಕೃತವನ್ನೂ ಓದಿದರು. 1862ರಲ್ಲಿ ಪ್ರಕಟವಾದ ಅವರ ಕಥಾಮಾಲೆ ಏಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ಹೇಳುವ ಕೃತಿ. ಬಾಸೆಲಿನ ಹಿರಿಯರಿಗೆ ಇದು ಪೂರ್ತಿ ರುಚಿಸಲಿಲ್ಲ. ಬೋಧನೆ ಬಿಟ್ಟು ಪಾಂಡಿತ್ಯದ ಬೆನ್ನು ಹತ್ತಿದ್ದಾನೆಂಬ ಅಸಮಾಧಾನ ಅಲ್ಲಿ ಬೆಳೆಯಿತು. ಧಾರವಾಡ, ಮಂಗಳೂರು, ಮಡಿಕೇರಿ ಎಂದು ಅವರ ನೆಲೆಯೂ ಬದಲಾಗುತ್ತಿತ್ತು. ಸ್ವಂತ ಸಂಸ್ಥೆಯಲ್ಲಿಯೇ ಅರೆಮನಸ್ಸಿನ ಬೆಂಬಲ ಪಡೆದವನು ಇಷ್ಟು ದೊಡ್ಡ ಕೆಲಸಕ್ಕೆ ಕೈಹಾಕಿದ್ದು ನಮಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಮನೆಯಲ್ಲಿಯೂ ನೆಮ್ಮದಿ ಬಹುಕಾಲ ನಿಲ್ಲಲಿಲ್ಲ. 1860ರಲ್ಲಿ ಪಾಲಿನೆ ಎಂಬ ಕನ್ಯೆಯೊಡನೆ ಮದುವೆಯಾಯಿತು. ನಾಲ್ಕೇ ವರ್ಷಗಳಲ್ಲಿ ಆಕೆ ಎಳೆಯ ಮಕ್ಕಳನ್ನು ಬಿಟ್ಟು ತೀರಿಕೊಂಡರು. ಮುಂದೆ 1867ರಲ್ಲಿ ಆಕೆಯ ತಂಗಿ ಜೂಲಿಯೆಯವರನ್ನು ಕಿಟ್ಟೆಲ್ ಕೈಹಿಡಿದರು.

ಆ ವರ್ಷಗಳಲ್ಲಿಯೂ ಕೆಲಸ ನಿಂತದ್ದು ಕಾಣುವುದಿಲ್ಲ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಶೋಧಿಸಿ ಅಚ್ಚು ಹಾಕಿಸಿದರು. 1875ರಲ್ಲಿ ನಾಗವರ್ಮನ ಛಂದೋಂಬುಧಿ ಹೊರಬಂದಿತು. ಅದರ ಇಂಗ್ಲಿಷ್ ಪೀಠಿಕೆಯಲ್ಲಿ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆಯಲು ಯತ್ನಿಸಿದರು. ವ್ಯಾಕರಣ ಮೊದಲು, ಛಂದಸ್ಸು ಅನಂತರ, ಕೊನೆಗೆ ಕೋಶ. ಅಡಿಗಲ್ಲು ಹಾಕಿ ಗೋಡೆ ಎಬ್ಬಿಸುವ ಗೃಹಸ್ಥನ ಕ್ರಮ ಅದು.

ಕೋಶದ ಕೆಲಸಕ್ಕೆ ಹಿಡಿದದ್ದು ಎರಡು ದಶಕಗಳಿಗೂ ಮಿಕ್ಕ ಕಾಲ. ವಿಲಿಯಂ ರೀವ್ ಅವರ ನಿಘಂಟೊಂದು 1832ರಲ್ಲಿಯೇ, ಅಂದರೆ ಕಿಟ್ಟೆಲ್ ಹುಟ್ಟಿದ ವರ್ಷವೇ ಬಂದಿತ್ತು. ಆದರೆ ಕಿಟ್ಟೆಲ್ ಅವರ ದೃಷ್ಟಿ ಬೇರೆ. ಪಂಪನ ಕಾಲದ ಪದವೂ ಬೇಕು, ಅಂದಿನ ಸಂತೆಯ ಮಾತೂ ಬೇಕು. ಗ್ರಂಥದಲ್ಲಿ ಸಿಕ್ಕಿದ ಶಬ್ದಕ್ಕೆ ಗ್ರಂಥದ ಸಾಕ್ಷಿ, ಬಾಯಿಮಾತಿಗೆ ಗಾದೆಯ ಸಾಕ್ಷಿ. ಗಾದೆಗಳಂತೂ ಪುಟಪುಟದಲ್ಲಿ ಎದುರಾಗುತ್ತವೆ. ಮೈಸೂರು ಸೀಮೆಯಲ್ಲಿ ಬಳಸುವ ಪದಕ್ಕೆ ಒಂದು ಗುರುತು. ದಕ್ಷಿಣ ಮರಾಠಾ ಸೀಮೆಯೆಂದು ಆಗ ಕರೆಯುತ್ತಿದ್ದ ಧಾರವಾಡ, ಬೆಳಗಾವಿಗಳ ಕಡೆಯ ಪದಕ್ಕೆ ಇನ್ನೊಂದು ಗುರುತು. ಯಾವ ಸೀಮೆಯ ಕನ್ನಡವನ್ನೂ ಅವರು ತಪ್ಪು ಕನ್ನಡವೆಂದು ಹೊರಗಿಡಲಿಲ್ಲ. ಇದು ಎಲ್ಲಿಯ ಮಾತು ಎಂದು ಬರೆದು ಒಳಗೆ ಸೇರಿಸಿಕೊಂಡರು. ಊರ ಕನ್ನಡಕ್ಕಾಗಿ ನಗೆಗೀಡಾದ ಗಡಿನಾಡಿನ ಮಕ್ಕಳಿಗೆ ಇದರ ಬೆಲೆ ಗೊತ್ತು.

ಇನ್ನೊಂದು ಸಂಗತಿ ನಮಗೆ ಇನ್ನೂ ಹತ್ತಿರದ್ದು. ಕನ್ನಡ ಪದವನ್ನು ಕೊಟ್ಟು, ಅದಕ್ಕೆ ನೆಂಟನಾದ ತಮಿಳು, ಮಲಯಾಳ, ತೆಲುಗು, ತುಳು ರೂಪಗಳನ್ನು ಕಿಟ್ಟೆಲ್ ಜೊತೆಯಲ್ಲಿಯೇ ತೋರಿಸುತ್ತಾರೆ. ಏಳು ಎಂಬ ಸಂಖ್ಯೆಯನ್ನು ತೆಗೆದುಕೊಳ್ಳಿ. ಹಳಗನ್ನಡದಲ್ಲಿ ಅದು ಏೞ್. ಆ ೞ ಅಕ್ಷರ ಇಂದಿನ ಕನ್ನಡದ ಬಳಕೆಯಿಂದ ಹೋಗಿಬಿಟ್ಟಿದೆ. ಬೆಂಗಳೂರಿನ ಮಗು ಅದನ್ನು ಕಂಡರೆ ತಬ್ಬಿಬ್ಬಾಗುತ್ತದೆ. ಕಾಸರಗೋಡಿನ ಮಗುವಾದರೋ ಮಲಯಾಳದ ಪಾಠದಲ್ಲಿ ಅದೇ ಧ್ವನಿಯನ್ನು ದಿನವೂ ಓದುತ್ತದೆ. ಹೊಸೂರು, ತಾಳವಾಡಿಗಳ ಮಗುವಿಗೆ ತಮಿಳು ಪಾಠದಲ್ಲಿ ಅದು ಸಿಗುತ್ತದೆ. ಆದವಾನಿಯ ಮಗುವಿಗೆ ಅದೇ ಸಂಖ್ಯೆ ತೆಲುಗಿನಲ್ಲಿ ಏಡು ಆಗಿ ಎದುರಾಗುತ್ತದೆ. ಹಾಲು ಎಂಬುದು ಹಳಗನ್ನಡದಲ್ಲಿ ಪಾಲ್; ತಮಿಳು, ಮಲಯಾಳಗಳಲ್ಲಿ ಇಂದಿಗೂ ಪಾಲ್, ತೆಲುಗಿನಲ್ಲಿ ಪಾಲು. ಎರಡು ಭಾಷೆಗಳ ನಡುವೆ ಬೆಳೆಯುವ ಮಗು ಹೊರೆ ಹೊತ್ತಿದೆಯೆಂದು ನಾವು ಮರುಗುತ್ತೇವೆ. ಹಳಗನ್ನಡದ ಬಾಗಿಲಿಗೆ ಆ ಮಗುವೇ ಹೆಚ್ಚು ಸಮೀಪದಲ್ಲಿದೆಯೆಂಬುದು ಈ ಕೋಶವನ್ನು ತಿರುವಿಹಾಕಿದರೆ ತಿಳಿಯುತ್ತದೆ.

ಇಷ್ಟೆಲ್ಲ ನಡೆಯುತ್ತಿದ್ದಾಗ ದೇಹ ಸಹಕರಿಸುತ್ತಿರಲಿಲ್ಲ. ಕಣ್ಣಿನ ಬೆಳಕು ಕುಂದುತ್ತ ಬಂದಿತ್ತು. ಓಲೆಗರಿಯ ಅಕ್ಷರ, ಅಚ್ಚಿನ ಕರಡು, ಸಣ್ಣ ಮೊಳೆಗಳ ಇಂಗ್ಲಿಷ್ ಅರ್ಥ: ಕೋಶಕಾರನ ಕೆಲಸವೆಲ್ಲ ಕಣ್ಣಿನದೇ. 1877ರ ಸುಮಾರಿಗೆ ಜರ್ಮನಿಗೆ ಮರಳಿದ ಅವರು ಅಲ್ಲಿಯೇ ಇದ್ದು ಆದಷ್ಟನ್ನು ಮುಗಿಸಿ ಕೈತೊಳೆದುಕೊಳ್ಳಬಹುದಾಗಿತ್ತು. ಹಾಗೆ ಮಾಡಲಿಲ್ಲ. ಕನ್ನಡದ ಪದಗಳನ್ನು ಕನ್ನಡಿಗರ ನಡುವೆಯೇ ಪರೀಕ್ಷಿಸಬೇಕೆಂದು, ಐವತ್ತು ದಾಟಿದ ಮೇಲೆ 1883ರಲ್ಲಿ ಮತ್ತೆ ಹಡಗು ಹತ್ತಿದರು. ಇನ್ನೂ ಸುಮಾರು ಒಂಬತ್ತು ವರ್ಷ ಇಲ್ಲಿ ದುಡಿದರು. ಪಂಡಿತರೂ ಸ್ಥಳೀಯ ಸಹಾಯಕರೂ ಅವರೊಡನೆ ಕುಳಿತರು. ಅವರಿಲ್ಲದೆ ಈ ಕೋಶ ಆಗುತ್ತಿರಲಿಲ್ಲವೆಂಬುದನ್ನೂ ನಾವು ನೆನೆಯಬೇಕು. ಒಬ್ಬನೇ ಪರದೇಶಿ ಕನ್ನಡವನ್ನು ಉದ್ಧರಿಸಿದನೆಂಬ ಕಥೆ ಅರ್ಧ ಸತ್ಯ.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿತು. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು. ಪೀಠಿಕೆಯಲ್ಲಿ, ಸಂಸ್ಕೃತಕ್ಕೆ ದ್ರಾವಿಡ ಭಾಷೆಗಳಿಂದ ಹೋದುವೆಂದು ತಾವು ತಿಳಿದ ಶಬ್ದಗಳ ಪಟ್ಟಿಯನ್ನೂ ಕೊಟ್ಟರು. ಕನ್ನಡವು ಸಾಲ ಪಡೆದ ಭಾಷೆ ಮಾತ್ರವೆಂದು ತಿಳಿದಿದ್ದವರಿಗೆ ಅದು ಹೊಸ ಮಾತು. ಆ ಪಟ್ಟಿಯ ಎಲ್ಲ ಪದಗಳನ್ನೂ ಇಂದಿನ ವಿದ್ವಾಂಸರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಕೊಟ್ಟದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬ ದಾರಿಯನ್ನು ಅದು ತೆರೆಯಿತು.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅಲ್ಲಿಗೂ ಅವರು ಕೈಕಟ್ಟಿ ಕೂರಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ದೊಡ್ಡ ವ್ಯಾಕರಣವೊಂದು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗೆನ್ನಿನಲ್ಲಿ ಕಣ್ಣುಮುಚ್ಚಿದರು. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಲು ಆಗ ಇನ್ನೂ ಹನ್ನೆರಡು ವರ್ಷ ಉಳಿದಿದ್ದುವು. ಕನ್ನಡ ಸೀಮೆಗಳು ಒಂದು ರಾಜ್ಯವಾಗಲು ಐವತ್ತಮೂರು ವರ್ಷ ಬೇಕಾಗಿತ್ತು. ಅವೊಂದನ್ನೂ ಅವರು ಕಾಣಲಿಲ್ಲ. ಕಾಣುವೆನೆಂಬ ಭರವಸೆಯನ್ನು ಅವರಿಗೆ ಯಾರೂ ಕೊಟ್ಟಿರಲೂ ಇಲ್ಲ.

1956ರ ನವೆಂಬರ್ 1ರಂದು ಗೆರೆಗಳು ಹೊಸದಾಗಿ ಎಳೆಯಲ್ಪಟ್ಟಾಗ ಕೋಶ ಅಚ್ಚಾದ ಮಂಗಳೂರು ಒಂದು ರಾಜ್ಯಕ್ಕೆ, ಅದುವರೆಗೆ ಅದೇ ಜಿಲ್ಲೆಯಾಗಿದ್ದ ಕಾಸರಗೋಡು ಇನ್ನೊಂದು ರಾಜ್ಯಕ್ಕೆ ಸೇರಿದುವು. ಆ ಹೊತ್ತಿಗೆ ಕಿಟ್ಟೆಲ್ ಕೋಶವೂ ಹಳತಾಗಿತ್ತು. ಅವರ ಕಣ್ಣಿಗೆ ಬೀಳದ ಶಾಸನಗಳು, ಕಾವ್ಯಗಳು ಎಷ್ಟೋ ಬೆಳಕಿಗೆ ಬಂದಿದ್ದುವು. ಕೋಶವನ್ನು ತಿದ್ದಿ ವಿಸ್ತರಿಸುವ ಕೆಲಸವನ್ನು ಪ್ರೊಫೆಸರ್ ಎಂ. ಮರಿಯಪ್ಪ ಭಟ್ಟರು ಕೈಗೆತ್ತಿಕೊಂಡರು. 1968ರಿಂದ 1971ರವರೆಗೆ ಅದು ನಾಲ್ಕು ಸಂಪುಟಗಳಲ್ಲಿ ಹೊರಬಂದಿತು. ಪ್ರಕಟಿಸಿದ್ದು ಮದರಾಸು ವಿಶ್ವವಿದ್ಯಾಲಯ, ಕರ್ನಾಟಕದ ಗಡಿಯಾಚೆಗೆ.