ಜಲಪಾತದಲ್ಲಿ ಬೆಳಕನ್ನು ಕಂಡ ದಿವಾನರು

ಕೊಳ್ಳೇಗಾಲದ ಸಮೀಪದ ಶಿವನಸಮುದ್ರದಲ್ಲಿ ಕಾವೇರಿಯು ಕವಲೊಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತಾಳೆ. ಯಾತ್ರಿಕರ ಕಣ್ಣಿಗೆ ಕೇವಲ ರಮ್ಯವಾಗಿದ್ದ ಆ ಜಲಧಾರೆಯಲ್ಲಿ ನಾಡಿನ ನಾಳೆಯನ್ನು ಕಂಡ ಮಹನೀಯರು ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು.

1845ರಲ್ಲಿ ಪಾಲಕ್ಕಾಡಿನ ಸೀಮೆಯಲ್ಲಿ ಜನಿಸಿದ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1868ರಲ್ಲಿ ಮೈಸೂರಿನ ಸೇವೆಗೆ ಸೇರಿದರು. ದಿವಾನ್ ರಂಗಾಚಾರ್ಲು ಅವರ ನಿಧನಾನಂತರ 1883ರಲ್ಲಿ ದಿವಾನರಾಗಿ, 1901ರವರೆಗೆ ಆ ಹೊಣೆಯನ್ನು ಹೊತ್ತರು. ಎತ್ತಿನ ಗಾಡಿಯ ನಾಡಿಗೆ ರೈಲು ಬಂದುದನ್ನು ಅವರು ಕಂಡಿದ್ದರು. 1896ರಲ್ಲಿ ಹೆಸರಘಟ್ಟದ ನೀರನ್ನು ಬೆಂಗಳೂರಿಗೆ ತರಿಸಿದ್ದರು. ಒಂದು ಬದಲಾವಣೆಯು ಮುಂದಿನದಕ್ಕೆ ದಾರಿಯಾಗುವುದೆಂಬುದನ್ನು ಅನುಭವವೇ ಅವರಿಗೆ ಕಲಿಸಿತ್ತು.

ಅದೇ 1896ರಲ್ಲಿ ಅಮೆರಿಕದ ನಯಾಗರದ ವಿದ್ಯುತ್ತು ಬಫಲೊ ನಗರವನ್ನು ತಲುಪಿತು. ಕಾವೇರಿಯಿಂದಲೂ ಅಂತಹುದೇ ಶಕ್ತಿಯನ್ನು ಪಡೆಯುವ ಯೋಜನೆಯನ್ನು ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಅವರು ರೂಪಿಸಿದಾಗ, ದಿವಾನರು ಅದಕ್ಕೆ ರಾಜ್ಯದ ಸಂಪೂರ್ಣ ಬೆಂಬಲವನ್ನಿತ್ತರು. ರೈಲಿನಲ್ಲಿ ಮದ್ದೂರಿಗೆ ಬಂದಿಳಿದ ಯಂತ್ರಗಳನ್ನು ಅಲ್ಲಿಂದ ಗಾಡಿಗಳೂ ಆನೆಗಳೂ ನದೀತೀರಕ್ಕೆ ಸಾಗಿಸಿದವು. ಹಳೆಯದು ಹೊಸದನ್ನು ಹೊತ್ತು ತಂದಿತು.

1902ರ ಜೂನ್‌ನಲ್ಲಿ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಆದರೆ 1901ರ ಸೆಪ್ಟೆಂಬರ್‌ನಲ್ಲೇ ದಿವಾನರು ಇಹಲೋಕವನ್ನು ತ್ಯಜಿಸಿದ್ದರು. ತಾವು ನೆಟ್ಟ ವೃಕ್ಷದ ಫಲವನ್ನು ಅವರು ಕಾಣಲಿಲ್ಲ.

ದೂರದ ಗಣಿಗೆ ಮೊದಲು ದೊರೆತ ಬೆಳಕು ಹತ್ತಿರದ ಗುಡಿಸಲಿಗೆ ತಡವಾಗಿ ದೊರೆಯಿತು. ಕೊಳ್ಳೇಗಾಲ ಆಗ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮೈಸೂರು ರಾಜ್ಯವನ್ನು ಅದು ಸೇರಿದ್ದು 1956ರಲ್ಲಿ. ಜಲಪಾತದ ಮೊರೆತ ಕೇಳುವ ಹಳ್ಳಿಗಳೂ, ಯಳಂದೂರು, ಹನೂರು ಸೀಮೆಗಳ ಬೆಟ್ಟದ ಪೋಡುಗಳೂ ಬಹುಕಾಲ ಹಣತೆಯನ್ನೇ ನಂಬಿದ್ದವು.

2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದವು. ಚಿನ್ನದ ಗಣಿಗಾರಿಕೆ ನಿಂತಿತು, ಶಿವನಸಮುದ್ರದ ಯಂತ್ರಾಗಾರ ಮಾತ್ರ ಇಂದಿಗೂ ನಿಂತಿಲ್ಲ. ಬಗೆದು ತೆಗೆಯುವ ಸಂಪತ್ತಿಗಿಂತ ಮರಳಿ ಮರಳಿ ಹರಿದು ಬರುವ ಸಂಪತ್ತೇ ಬಾಳುವುದೆಂಬುದಕ್ಕೆ ಇದು ಸಾಕ್ಷಿ. ನಾಳೆಯನ್ನು ಕಲ್ಪಿಸುವ ವಿದ್ಯಾರ್ಥಿಗಳು ಯಾವ ಯಂತ್ರ ಬರುವುದೆಂದು ಕೇಳಿದರಷ್ಟೇ ಸಾಲದು. ಅದು ಯಾರ ಮನೆಯನ್ನು ಮೊದಲು ಬೆಳಗುವುದೆಂದೂ ಕೇಳಬೇಕು. ಶಕ್ತಿಯನ್ನು ಉತ್ಪಾದಿಸುವುದು ಕಾಯಕ. ಅದನ್ನು ಕಟ್ಟಕಡೆಯ ಮನೆಗೆ ಮುಟ್ಟಿಸುವುದು ದಾಸೋಹ. ದಿವಾನರು ಆರಂಭಿಸಿದ ಕಾಯಕವು ಪೂರ್ಣವಾಗುವುದು ಆ ದಾಸೋಹದಲ್ಲಿಯೇ.