ತೂಗುಗುಂಡುಗಳ ಮಾರಿಯೊಟ್

ಕೊಕ್ಕಡದ ಕಡೆಯ ಹೈಸ್ಕೂಲು ಮಕ್ಕಳು ಸಂವೇಗ ಸಂರಕ್ಷಣೆಯ ಪಾಠದಲ್ಲಿ ನ್ಯೂಟನ್ನರ ಹೆಸರು ಕೇಳಿರುತ್ತಾರೆ. ಎದ್‌ಮ್ ಮಾರಿಯೊಟ್ ಎಂಬ ಹೆಸರನ್ನು ನೀವು ಕೇಳಿದ್ದೀರಾ?

ಸುಮಾರು 1620ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಇವರು ದಿಜೋನ್ ಕಡೆಯ ಸಂತ ಮಾರ್ಟಿನರ ಮಠವೊಂದರ ಪ್ರಯರ್. 1666ರಲ್ಲಿ ಆರಂಭವಾದ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮೊದಲ ಸದಸ್ಯರಲ್ಲೊಬ್ಬರು. ಎರಡು ಉಂಡೆಗಳನ್ನು ಒಂದೇ ಉದ್ದದ ದಾರಗಳಲ್ಲಿ ಅಕ್ಕಪಕ್ಕ ತೂಗುಹಾಕಿ, ಒಂದನ್ನು ಎಳೆದು ಬಿಡುವುದು ಅವರ ಪ್ರಯೋಗ. ಎಷ್ಟು ಎತ್ತರದಿಂದ ಬಿಟ್ಟದ್ದು, ಡಿಕ್ಕಿಯ ಬಳಿಕ ಎಷ್ಟು ಏರಿತು ಎಂದು ನೋಡಿದರೆ ವೇಗ ತಿಳಿಯುತ್ತದೆ. ಗಡಿಯಾರವೇ ಬೇಡ! ಸಮತೂಕದ ಮೆತ್ತನೆಯ ಉಂಡೆಗಳಾದರೆ ಎರಡೂ ಅಂಟಿಕೊಂಡು ಅರ್ಧ ವೇಗದಲ್ಲಿ ಸಾಗುತ್ತವೆ. ಪುಟಿಯುವ ಗಟ್ಟಿ ಉಂಡೆಗಳಾದರೆ, ನಮ್ಮ ಕೇರಂ ಕಾಯಿಗಳಂತೆ, ಬಂದದ್ದು ನಿಂತು ನಿಂತದ್ದು ಹೊರಡುತ್ತದೆ. ಎರಡರಲ್ಲೂ ಒಟ್ಟು ಸಂವೇಗ ಬದಲಾಗದು. 1673ರಲ್ಲಿ ಇದು ಪುಸ್ತಕವಾಯಿತು.

ಆದರೆ ಒಂದು ಕಹಿ ಸಂಗತಿಯೂ ಇದೆ. ಈ ನಿಯಮಗಳನ್ನು ಹೈಗನ್ಸ್ ಮೊದಲೇ ಕಂಡುಕೊಂಡಿದ್ದರು. ಮಾರಿಯೊಟ್ ಅವರ ಹೆಸರೆತ್ತಲಿಲ್ಲ. ಇದು ತಪ್ಪೇ ಸರಿ. 1690ರಲ್ಲಿ ಹೈಗನ್ಸ್ ಕೃತಿಚೌರ್ಯದ ಆರೋಪ ಬರೆದಿಟ್ಟಾಗ ಉತ್ತರಿಸಲು ಮಾರಿಯೊಟ್ ಇರಲಿಲ್ಲ, 1684ರಲ್ಲೇ ತೀರಿಹೋಗಿದ್ದರು. ನ್ಯೂಟನ್ ಮಾತ್ರ 1687ರ ತಮ್ಮ ಪ್ರಿನ್ಸಿಪಿಯಾದಲ್ಲಿ ಅವರನ್ನು ಹೆಸರಿಸಿದ್ದರು. ಲ್ಯಾಬಿನ ಮೇಜಿನ ಮೇಲಿನ ಐದು ಗುಂಡುಗಳ ಸಾಧನವನ್ನು ಈಗ ಎಲ್ಲರೂ ಕರೆಯುವುದು ನ್ಯೂಟನ್ನರ ತೊಟ್ಟಿಲೆಂದು.