ಲೆಕ್ಕ ಬಲ್ಲ ಜೂಜುಗಾರ

ನಮ್ಮೂರು ಗಳಗನಾಥ. ವರದಾ ನದಿ ತುಂಗಭದ್ರೆಯನ್ನು ಸೇರುವಲ್ಲಿ ಗಳಗೇಶ್ವರ ಗುಡಿ ಇದೆ. ಸಂಜೆ ಹೊಳೆ ದಂಡೆಯಲ್ಲಿ ಕೂತು ನಾವು ನಾಲ್ವರು ಗೆಳೆಯರು ಮೊಬೈಲ್‌ನಲ್ಲಿ ಪೋಕರ್ ಟೂರ್ನಿ ಆಡುತ್ತಿದ್ದೆವು. ಪ್ರವೇಶಕ್ಕೆ 55 ರೂಪಾಯಿ. ಅದರಲ್ಲಿ 50 ಬಹುಮಾನಕ್ಕೆ, 5 ಆ್ಯಪ್‌ನವರಿಗೆ. ಸಣ್ಣ ಆಟದಲ್ಲಿ ಲಾಭ ಮಾಡಬಹುದೇ ಎಂದು ನೋಡಲು ನಾನೊಂದು ನೋಟ್‌ಬುಕ್ ಇಟ್ಟೆ. ಅದು ಕಣ್ಣಿಗೆ ಬಿದ್ದಾಗ ನಮ್ಮ ಗಣಿತದ ಸರ್ ಬೈಯಲಿಲ್ಲ. ಕಾರ್ಡಾನೊ ಬಗ್ಗೆ ಓದಲು ಹೇಳಿದರು, ಅಷ್ಟೆ.

ಜೆರೊಲಾಮೊ ಕಾರ್ಡಾನೊ ಹುಟ್ಟಿದ್ದು 1501ರಲ್ಲಿ, ಇಟಲಿಯ ಪಾವಿಯಾದಲ್ಲಿ. ಅಪ್ಪ ವಕೀಲ. ಅಪ್ಪ ತೀರಿಕೊಂಡಾಗ ಸಿಕ್ಕ ಅಲ್ಪ ಆಸ್ತಿ ಬೇಗ ಕರಗಿತು. ವೈದ್ಯಕೀಯ ಓದುತ್ತಿದ್ದ ಹುಡುಗ ಖರ್ಚಿಗೆ ಜೂಜಿಗಿಳಿದ. ಮೊದಮೊದಲು ಗೆದ್ದ ಕೂಡ! ಎರಡು ದಾಳ ಉರುಳಿಸಿದರೆ 36 ಬಗೆಯಲ್ಲಿ ಬೀಳಬಹುದು, ಮೊತ್ತ 7 ಬರಲು ಆರು ದಾರಿ, 12 ಬರಲು ಒಂದೇ ದಾರಿ. ನಮಗಿದು ಪಿಯುಸಿ ಲೆಕ್ಕ. ಅಂದು ಎದುರು ಕೂತವರು ಅದೃಷ್ಟ ನಂಬಿದ್ದರು, ಈತ ಎಣಿಸುತ್ತಿದ್ದ. ಪೋಕರ್‌ನ ಪೂರ್ವಜರಲ್ಲಿ ಒಂದೆನ್ನುವ ಪ್ರಿಮೆರೊ ಎಂಬ ಇಸ್ಪೀಟು ಆಟದ ಬಗ್ಗೆಯೂ ಬರೆದ.

ಒಮ್ಮೆ ವೆನಿಸ್‌ನಲ್ಲಿ ಒಬ್ಬ ಶ್ರೀಮಂತನ ಮನೆಯಲ್ಲಿ ದುಡ್ಡು, ಉಂಗುರ, ಬಟ್ಟೆ ಎಲ್ಲ ಸೋತ. ಎಲೆಗಳಿಗೆ ಗುರುತು ಹಾಕಿದ್ದು ತಿಳಿದು, ಚೂರಿಯಿಂದ ಆತನ ಮುಖಕ್ಕೆ ಗೀರಿ ಹಣ ಕಸಿದು ಓಡಿದ. ಕತ್ತಲಲ್ಲಿ ಕಾಲು ಜಾರಿ ನೀರಿಗೆ ಬಿದ್ದ. ಯಾರೋ ದೋಣಿಗೆ ಎಳೆದುಕೊಂಡರು. ನೋಡಿದರೆ ಮುಖಕ್ಕೆ ಪಟ್ಟಿ ಕಟ್ಟಿಕೊಂಡ ಅದೇ ಮನುಷ್ಯ! ಆತನೇ ಒಣ ಬಟ್ಟೆ ಕೊಟ್ಟನಂತೆ. ಸಿನಿಮಾದಲ್ಲಿ ತೋರಿಸಿದರೆ ನಾವು ನಂಬುತ್ತಿರಲಿಲ್ಲ.

ಮದುವೆಯಾದ ಮೇಲೂ ಆಟ ನಿಲ್ಲಲಿಲ್ಲ. ಹೆಂಡತಿಯ ಒಡವೆ, ಮನೆ ಸಾಮಾನು ಅಡವಿಟ್ಟ. ಇಬ್ಬರೂ ಮಿಲಾನ್‌ನ ಬಡವರ ಆಶ್ರಯಧಾಮ ಸೇರಬೇಕಾಯಿತು. ಮೇಲೆತ್ತಿದ್ದು ದಾಳವಲ್ಲ, ಗಣಿತ ಪಾಠದ ಕೆಲಸ ಮತ್ತು ವೈದ್ಯಕೀಯ. 1545ರಲ್ಲಿ ಬಂದ ಬೀಜಗಣಿತದ ಪುಸ್ತಕ ‘ಆರ್ಸ್ ಮ್ಯಾಗ್ನಾ’ ದೊಡ್ಡ ಹೆಸರು ತಂದಿತು. 1552ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ಅಲ್ಲಿನ ಆರ್ಚ್‌ಬಿಷಪ್‌ನ ಉಬ್ಬಸಕ್ಕೆ ಚಿಕಿತ್ಸೆ ಮಾಡಿ ಸಾವಿರಕ್ಕೂ ಹೆಚ್ಚು ಚಿನ್ನದ ನಾಣ್ಯ ಪಡೆದ.

2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ನಿಷೇಧಕ್ಕೆ ಸಂಸತ್ತು ಕಾಯ್ದೆ ಮಾಡಿತು, ನಮ್ಮ ಆ್ಯಪ್ ನಿಂತಿತು. ಅಂದು ನೋಟ್‌ಬುಕ್ ತೆಗೆದು ಕೂಡಿಸಿದೆ. 212 ಟೂರ್ನಿಗೆ ಕಟ್ಟಿದ್ದು 11,660 ರೂಪಾಯಿ, ಬಂದದ್ದು 10,980. ಎರಡು ಸಲ ಕೂಡಿಸಿದೆ, 680 ನಷ್ಟವೇ. ಆದರೆ ಆ್ಯಪ್‌ನವರ ಐದೈದು ರೂಪಾಯಿಯೇ 1,060 ಆಗಿತ್ತು. ಅದಿಲ್ಲದಿದ್ದರೆ 380 ಲಾಭ! ಎದುರಾಳಿಗಳನ್ನು ಗೆದ್ದಿದ್ದೆ, ಶುಲ್ಕಕ್ಕೆ ಸೋತಿದ್ದೆ. ಇನ್ನೂ ಚೆನ್ನಾಗಿ ಆಡುವವನು ಶುಲ್ಕ ದಾಟಿ ಉಳಿಸಬಹುದು, ಸುಳ್ಳು ಹೇಳಲಾರೆ. ಆದರೆ ನಿವ್ವಳ ಗೆಲುವಿನ ಮೇಲೆ ಶೇ 30 ತೆರಿಗೆ ಇತ್ತು. ಒಂದಕ್ಕೆ ಒಂದು ತಾಸು ಎಂದರೂ 212 ತಾಸು ಹೋಗಿತ್ತು. ಅಷ್ಟು ಹೊತ್ತಿನಲ್ಲಿ ಅವ್ವ ಎಷ್ಟು ಚೀಲ ಮೆಣಸಿನಕಾಯಿಯ ತೊಟ್ಟು ಮುರಿದಿದ್ದಳೋ!

ಕಾರ್ಡಾನೊಗೆ ಕೊನೆಗಾಲ ಕಠಿಣವಾಗಿತ್ತು. ಹೆಂಡತಿಗೆ ವಿಷವಿಟ್ಟ ಅಪರಾಧಕ್ಕೆ ಹಿರಿಮಗನ ತಲೆ ಕಡಿಸಿದರು, 1560ರಲ್ಲಿ. ಕಿರಿಮಗನೂ ಜೂಜಿಗೆ ಬಿದ್ದು ಅಪ್ಪನ ಮನೆಯಲ್ಲೇ ಕದ್ದ. 1570ರಲ್ಲಿ ಧರ್ಮದ್ರೋಹದ ಆರೋಪದಲ್ಲಿ ತಾನೇ ಸೆರೆಮನೆಗೆ ಹೋದ. ರೋಮ್‌ನಲ್ಲಿ ಆತ್ಮಕಥೆ ಬರೆಯುತ್ತಾ, ವರ್ಷಗಟ್ಟಲೆ ದಿನವೂ ಆಡಿ ಹಣ, ಹೊತ್ತು, ಮರ್ಯಾದೆ ಕಳೆದುಕೊಂಡದ್ದನ್ನು ಒಪ್ಪಿಕೊಂಡ. 1576ರಲ್ಲಿ ತೀರಿಕೊಂಡ. ಜೂಜಿನ ಲೆಕ್ಕದ ಪುಸ್ತಕ ಅಚ್ಚಾದದ್ದು 1663ರಲ್ಲಿ. ಅದರಿಂದ ಆತನಿಗೆ ಬಿಡಿಗಾಸೂ ಸಿಗಲಿಲ್ಲ.

ನನ್ನ ನೋಟ್‌ಬುಕ್‌ನ ಉಳಿದ ಹಾಳೆಗಳಲ್ಲಿ ಅವ್ವ ಈಗ ಹಾಲಿನ ಲೆಕ್ಕ ಬರೆಯುತ್ತಾಳೆ.